ಬೆಕ್ಕಿನ ಮಲಬದ್ಧತೆ ಮತ್ತು ಅರುಚಿ: ಗೃಹೋಪಚಾರದ ಒಂದು ಶಾರೀರಿಕ ವಿವೇಚನೆ

ಪ್ರಾಣಿಶಾಸ್ತ್ರವನ್ನು ಬೋಧಿಸುವವರೆಂದು ತಿಳಿದೊಡನೆ ನೆರೆಹೊರೆಯವರು ನಮ್ಮ ಮುಂದಿಡುವ ಪ್ರಶ್ನೆಗಳಿಗೆ ಪಠ್ಯಪುಸ್ತಕದಲ್ಲಿ ನೇರವಾದ ಉತ್ತರ ದೊರೆಯುವುದು ಅಪರೂಪ. ಅಂಥ ಪ್ರಶ್ನೆಗಳಲ್ಲಿ ಒಂದನ್ನು ಈ ಲೇಖನದಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ: "ನಮ್ಮ ಬೆಕ್ಕು ಎರಡು ದಿನಗಳಿಂದ ಊಟ ಮುಟ್ಟುತ್ತಿಲ್ಲ, ಹೊಟ್ಟೆಯೂ ಕಟ್ಟಿಕೊಂಡಿದೆ. ಏನು ಮಾಡಬೇಕು?" ವಿಷಯವು ಅಲ್ಪವೆಂದು ವಾಚಕರು ಉಪೇಕ್ಷಿಸಬಾರದಾಗಿ ಕೋರುತ್ತೇವೆ. ನೀರು, ಆಹಾರ, ಕರುಳು, ಯಕೃತ್ತು ಇವುಗಳ ಪರಸ್ಪರ ಸಂಬಂಧವನ್ನು ಇಷ್ಟು ಸ್ಪಷ್ಟವಾಗಿ ತೋರಿಸಿಕೊಡುವ ಉದಾಹರಣೆ ತರಗತಿಯಲ್ಲಿಯೂ ಸುಲಭವಾಗಿ ಸಿಕ್ಕುವುದಿಲ್ಲ. ಅಲ್ಲದೆ ಇಲ್ಲಿ ಒಂದು ಪ್ರಾಣದ ಪ್ರಶ್ನೆಯೂ ಇದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ಉಪಚಾರವೇ ಬೆಕ್ಕಿಗೆ ಮುಳುವಾಗುವುದುಂಟು.

ವಿವರಣೆಯ ಅನುಕೂಲಕ್ಕಾಗಿ ಬಸವನಗುಡಿಯಲ್ಲಿ, ಗಾಂಧಿಬಜಾರಿಗೆ ಸಮೀಪದಲ್ಲಿ, ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆ ಮನೆಯಲ್ಲಿ ಎಂಟು ವರ್ಷದ ಒಂದು ಬೆಕ್ಕು. ತೂಕ ಸುಮಾರು 4 ಕಿಲೋಗ್ರಾಂ. ಬೆಳಗ್ಗೆ ಒಂದು ಹಿಡಿ ಅಂಗಡಿಯ ಒಣ ಆಹಾರ, ಮಧ್ಯಾಹ್ನ ಮೊಸರನ್ನ, ರಾತ್ರಿ ಸ್ವಲ್ಪ ಹಾಲು, ಇದು ಅದರ ಊಟದ ಕ್ರಮ. ಎರಡು ದಿನಗಳಿಂದ ಅದು ಮರಳಿನ ತಟ್ಟೆಯಲ್ಲಿ ಕುಳಿತು ತಿಣುಕುತ್ತದೆ, ಏನೂ ಹೊರಬರುವುದಿಲ್ಲ. ತಟ್ಟೆಯಲ್ಲಿಟ್ಟ ಊಟವನ್ನು ಮೂಸಿ ನೋಡಿ ಹಿಂದಿರುಗುತ್ತದೆ. ಮನೆಯ ಅಜ್ಜಿ, "ಲಂಘನವೇ ಪರಮೌಷಧ, ಎರಡು ದಿನ ಹೊಟ್ಟೆಗೆ ಏನೂ ಹಾಕಬೇಡಿ, ತಾನೇ ಸರಿಹೋಗುತ್ತೆ" ಎನ್ನುತ್ತಾರೆ. ಮಗನು ಒಂದು ಚಮಚ ಹರಳೆಣ್ಣೆ ಕುಡಿಸೋಣವೆನ್ನುತ್ತಾನೆ. ಸೊಸೆಯು ಬಿಸಿ ಹಾಲು ಕೊಟ್ಟು ನೋಡೋಣವೆನ್ನುತ್ತಾಳೆ. ಈ ಮೂರು ಸಲಹೆಗಳೂ ಮನುಷ್ಯರ ಮಟ್ಟಿಗೆ ತಲೆಮಾರುಗಳ ಅನುಭವದಿಂದ ಬಂದವು; ಅವುಗಳನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಬೆಕ್ಕಿನ ಶರೀರಧರ್ಮವು ಮನುಷ್ಯನದಕ್ಕಿಂತ ಕೆಲವು ಮುಖ್ಯ ಅಂಶಗಳಲ್ಲಿ ಭಿನ್ನವಾಗಿದೆ. ಆ ಭೇದವನ್ನು ತಿಳಿದವರಿಗೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ತಾನಾಗಿಯೇ ಹೊಳೆಯುತ್ತದೆ.

ನಾವು ಹೇಳಬೇಕೆಂದಿರುವ ಮುಖ್ಯ ವಿಷಯ ಇದು: ಬೆಕ್ಕಿನಲ್ಲಿ ಮಲಬದ್ಧತೆಯೂ ಅರುಚಿಯೂ ಒಂದನ್ನೊಂದು ಬೆಳೆಸುತ್ತ ತಿರುಗುವ ಒಂದೇ ಚಕ್ರದ ಎರಡು ಭಾಗಗಳಾಗಿರುತ್ತವೆ. ಆ ಚಕ್ರವನ್ನು ನಿಲ್ಲಿಸತಕ್ಕದ್ದು ನೀರಿನಿಂದ ಮತ್ತು ಆಹಾರದಿಂದ. ಉಪವಾಸವೂ ವಿರೇಚನವೂ ಅದನ್ನು ಇನ್ನಷ್ಟು ವೇಗವಾಗಿ ತಿರುಗಿಸುತ್ತವೆ.

1. ಒಣನಾಡಿನ ಮೃಗ ಮತ್ತು ಅದರ ನೀರಿನ ಲೆಕ್ಕ

ನಮ್ಮ ಮನೆಗಳ ಬೆಕ್ಕಿನ ಪೂರ್ವಜವು ಉತ್ತರ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನಾಡುಗಳಲ್ಲಿ ವಾಸಿಸುವ ಫೆಲಿಸ್ ಲಿಬಿಕಾ ಎಂಬ ಕಾಡುಬೆಕ್ಕು. 2007ರಲ್ಲಿ ಪ್ರಕಟವಾದ ಆನುವಂಶಿಕ ಪರಿಶೀಲನೆಯೊಂದು ಈ ಸಂಬಂಧವನ್ನು ದೃಢಪಡಿಸಿತು. ಕೆರೆ ಕಾಲುವೆಗಳಿಲ್ಲದ ನಾಡಿನಲ್ಲಿ ಬಾಳುವ ಪ್ರಾಣಿಗೆ ಎರಡು ಅನುಕೂಲಗಳು ಒದಗಿರಬೇಕು: ಒಂದು, ಆಹಾರದಿಂದಲೇ ನೀರನ್ನು ಪಡೆಯುವುದು, ಎರಡು, ಪಡೆದ ನೀರನ್ನು ಕಳೆಯದಿರುವುದು. ಬೆಕ್ಕಿನಲ್ಲಿ ಇವೆರಡೂ ಉಂಟು. ಇಲಿಯ ದೇಹದ ತೂಕದಲ್ಲಿ ನೂರಕ್ಕೆ ಸುಮಾರು 70 ಭಾಗ ನೀರೇ ಇರುವುದರಿಂದ, ಇಲಿ ತಿಂದ ಬೆಕ್ಕು ಊಟದ ಜೊತೆಯಲ್ಲಿಯೇ ನೀರನ್ನೂ ಕುಡಿದಂತೆ ಆಗುತ್ತದೆ. ಅದರ ಮೂತ್ರಪಿಂಡವು ಮೂತ್ರವನ್ನು ಮನುಷ್ಯನದಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಸಾಂದ್ರಗೊಳಿಸಬಲ್ಲದು.

ಈ ಅನುಕೂಲಕ್ಕೆ ಬೆಕ್ಕು ತೆತ್ತ ಬೆಲೆ ಮಂದವಾದ ಬಾಯಾರಿಕೆ. ನೀರಿನ ಕೊರತೆ ಸ್ವಲ್ಪಮಟ್ಟಿಗೆ ಉಂಟಾದಾಗ ನಾಯಿಯು ಬೇಗ ನೀರಿನ ಬಳಿಗೆ ಓಡುತ್ತದೆ, ಬೆಕ್ಕು ತಡಮಾಡುತ್ತದೆ. ಒದ್ದೆಯಾದ ಆಹಾರ ಸಿಕ್ಕುವವರೆಗೆ ಇದರಿಂದ ಬಾಧೆಯಿಲ್ಲ. ಒಣ ಆಹಾರ ಬಂದಾಗ ಲೆಕ್ಕ ತಪ್ಪುತ್ತದೆ.

ಲೆಕ್ಕವನ್ನು ಅಂಕಿಗಳಲ್ಲಿ ನೋಡೋಣ. ಬೆಕ್ಕಿಗೆ ದಿನಕ್ಕೆ, ಅದರ ತೂಕದ ಪ್ರತಿ ಕಿಲೋಗ್ರಾಮಿಗೂ, ಸುಮಾರು 50 ಮಿಲಿಲೀಟರು ನೀರು ಬೇಕು. 4 ಕಿಲೋಗ್ರಾಂ ತೂಕದ ಬೆಕ್ಕಿಗೆ, ಆಹಾರದಲ್ಲಿರುವ ನೀರೂ ಸೇರಿ, ಇದು ಸುಮಾರು 200 ಮಿಲಿಲೀಟರು ಆಯಿತು. ನೂರಕ್ಕೆ 75 ಭಾಗ ನೀರಿರುವ ಒದ್ದೆ ಆಹಾರವನ್ನು ದಿನಕ್ಕೆ 250 ಗ್ರಾಂ ತಿಂದರೆ, ಸುಮಾರು 190 ಮಿಲಿಲೀಟರು ಊಟದಲ್ಲಿಯೇ ಬರುತ್ತದೆ. ಒಣ ಆಹಾರದಲ್ಲಿ ನೀರು ನೂರಕ್ಕೆ 8 ಭಾಗದಷ್ಟು. ದಿನದ 60 ಗ್ರಾಮಿನಲ್ಲಿ ಬರುವುದು 5 ಮಿಲಿಲೀಟರು ಮಾತ್ರ. ಆಹಾರವು ದೇಹದಲ್ಲಿ ದಹನವಾಗುವಾಗ ಹುಟ್ಟುವ ಅಲ್ಪ ನೀರನ್ನು ಸೇರಿಸಿಕೊಂಡರೂ, ಇನ್ನೂ 150 ಮಿಲಿಲೀಟರಿಗಿಂತ ಹೆಚ್ಚು ನೀರನ್ನು ಅದು ಬಟ್ಟಲಿನಿಂದ ಕುಡಿಯಬೇಕು. ಒಣ ಆಹಾರ ತಿನ್ನುವ ಬೆಕ್ಕು ಹೆಚ್ಚು ನೀರು ಕುಡಿಯುವುದು ನಿಜ; ಆದರೂ ಒದ್ದೆ ಆಹಾರದ ಬೆಕ್ಕಿಗೆ ಒಟ್ಟಿನಲ್ಲಿ ದೊರೆಯುವಷ್ಟು ನೀರು ಅದಕ್ಕೆ ಸಾಮಾನ್ಯವಾಗಿ ಒದಗುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳುಗಳ ಬೆಂಗಳೂರಿನ ಒಣಹವೆಯಲ್ಲಿ ಈ ಕೊರತೆ ಇನ್ನಷ್ಟು ಬೆಳೆಯುತ್ತದೆ.

2. ಮಲವು ಗಟ್ಟಿಯಾಗುವ ಬಗೆ

ಜೀರ್ಣವಾದ ಆಹಾರದ ಶೇಷವು ದೊಡ್ಡ ಕರುಳನ್ನು ಸೇರುವಾಗ ದ್ರವರೂಪದಲ್ಲಿರುತ್ತದೆ. ಅದರಿಂದ ನೀರನ್ನೂ ಲವಣಗಳನ್ನೂ ಹೀರಿಕೊಂಡು ದೇಹಕ್ಕೆ ಹಿಂದಿರುಗಿಸುವುದು ದೊಡ್ಡ ಕರುಳಿನ ಕೆಲಸ. ದೇಹದಲ್ಲಿ ನೀರು ಸಾಲದಿದ್ದರೆ ಈ ಹೀರಿಕೆ ಬಿಗಿಯಾಗಿ ನಡೆಯುತ್ತದೆ. ಮಲವು ಕರುಳಿನಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಒಣಗುತ್ತದೆ. ಒಣಗಿದಷ್ಟೂ ಮುಂದಕ್ಕೆ ಸರಿಯಲು ಕಷ್ಟ. ಸರಿಯದಷ್ಟೂ ಇನ್ನೂ ಒಣಗುತ್ತದೆ. ಗಟ್ಟಿಯಾದ ಮಲವನ್ನು ಹೊರದೂಡುವಾಗ ನೋವಾಗುವುದರಿಂದ ಬೆಕ್ಕು ವಿಸರ್ಜನೆಯನ್ನೇ ಮುಂದೂಡುತ್ತದೆ. ಹೀಗೆ ಬಹುಕಾಲ ಹಿಗ್ಗಿ ನಿಂತ ಕರುಳಿನ ಮಾಂಸಖಂಡವು ಕುಗ್ಗುವ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಈ ಸ್ಥಿತಿಗೆ ಮೆಗಾಕೋಲನ್ ಎಂದು ಹೆಸರು. ಇದು ಮುಟ್ಟಿದ ಮೇಲೆ ಗೃಹೋಪಚಾರದಿಂದ ಪ್ರಯೋಜನವಿಲ್ಲ.

ಇಲ್ಲಿಗೆ ಅರುಚಿಯು ಹೇಗೆ ಬಂದು ಸೇರುತ್ತದೆ? ಕರುಳು ತುಂಬಿ ನಿಂತಾಗ ಬೆಕ್ಕಿಗೆ ಓಕರಿಕೆ ಉಂಟಾಗುತ್ತದೆ. ಅದು ಊಟವನ್ನು ಬಿಡುತ್ತದೆ. ಊಟ ಬಿಟ್ಟರೆ ಊಟದೊಡನೆ ಬರುತ್ತಿದ್ದ ನೀರೂ ತಪ್ಪುತ್ತದೆ. ಇನ್ನೊಂದು ಸಂಗತಿ: ಜಠರಕ್ಕೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿಯೇ ಚಲಿಸುವ ಒಂದು ಪರಾವರ್ತಿತ ಕ್ರಿಯೆಯುಂಟು. ಬೆಳಗಿನ ಕಾಫಿ ತಿಂಡಿಯ ತರುವಾಯ ಮನುಷ್ಯರಿಗೆ ಶೌಚದ ಪ್ರೇರಣೆಯಾಗುವುದು ಇದರಿಂದಲೇ. ಬರಿದಾದ ಜಠರದಿಂದ ಈ ಪ್ರೇರಣೆ ಹೊರಡುವುದಿಲ್ಲ. ಆದುದರಿಂದ ಊಟ ಬಿಟ್ಟ ಬೆಕ್ಕಿನ ಕರುಳು ಮತ್ತಷ್ಟು ಜಡವಾಗುತ್ತದೆ. ಮೇಲೆ ಹೇಳಿದ ಚಕ್ರವು ಪೂರ್ಣವಾಗುವುದು ಹೀಗೆ.

ನೀರಿನ ಕೊರತೆಯೊಂದೇ ಕಾರಣವೆಂದು ತಿಳಿಯಬಾರದು. ವಯಸ್ಸಾದ ಬೆಕ್ಕುಗಳಲ್ಲಿ ಮೂತ್ರಪಿಂಡದ ದುರ್ಬಲತೆ ಬಹು ಸಾಮಾನ್ಯ. ಆಗ ನೀರು ಮೂತ್ರದಲ್ಲಿ ವ್ಯಯವಾಗಿ ಮಲವು ಒಣಗುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಇಳಿದರೆ ಕರುಳಿನ ಮಾಂಸಖಂಡ ಸೋಲುತ್ತದೆ. ಕೀಲುನೋವಿರುವ ಬೆಕ್ಕು ಕುಕ್ಕುರುಗಾಲಿನಲ್ಲಿ ಕೂರಲಾರದು. ಮಹಡಿಯಿಂದ ಬಿದ್ದು ಅಥವಾ ವಾಹನಕ್ಕೆ ಸಿಕ್ಕಿ ಸೊಂಟದ ಮೂಳೆ ಮುರಿದು ಕೂಡಿಕೊಂಡಿದ್ದರೆ ಮಲಮಾರ್ಗವೇ ಕಿರಿದಾಗಿರಬಹುದು. ಮೈಯನ್ನು ನೆಕ್ಕಿ ನುಂಗಿದ ರೋಮವು ಮಲದಲ್ಲಿ ಸೇರಿ ಗಂಟಾಗುವುದೂ ಉಂಟು.

ಇವುಗಳ ಜೊತೆಗೆ ಈ ಊರಿನ ಪರಿಸರದಿಂದ ಬಂದ ಕಾರಣವೊಂದನ್ನೂ ಗಮನಿಸಬೇಕು. ಚಾಮರಾಜಪೇಟೆಯು 1892ರಲ್ಲಿ ಯೋಜಿತ ಬಡಾವಣೆಯಾಗಿ ರೂಪುಗೊಂಡಿತು. 1898ರ ಪ್ಲೇಗಿನ ತರುವಾಯ ಬಸವನಗುಡಿ, ಮಲ್ಲೇಶ್ವರಗಳು ಬೆಳೆದವು. ಗಾಳಿ ಬೆಳಕಿಗೆ ಎಡೆಯಿರಲೆಂದು ಅಲ್ಲಿ ಕಟ್ಟಿದ ಹೆಂಚಿನ ಮನೆಗಳಿಗೆ ಹಿತ್ತಲುಗಳಿದ್ದವು. ಅಟ್ಟದ ಇಲಿಯೂ ಹಿತ್ತಲಿನ ಸಡಿಲವಾದ ಮಣ್ಣೂ ಬೆಕ್ಕಿಗೆ ಸಹಜವಾಗಿ ದೊರೆಯುತ್ತಿದ್ದವು. ಅಂಥ ಮನೆಗಳಲ್ಲಿ ಎಷ್ಟೋ ಈಗ ಬಹುಮಹಡಿಗಳಾಗಿವೆ. ಹಿತ್ತಲಿಗೆ ಸಿಮೆಂಟು ಬಿದ್ದಿದೆ. ಅಗೆದು, ವಿಸರ್ಜಿಸಿ, ಮುಚ್ಚುವುದು ಬೆಕ್ಕಿನ ಹುಟ್ಟುಗುಣ. ಅದಕ್ಕೆ ಈಗ ಉಳಿದಿರುವುದು ಮರಳಿನ ತಟ್ಟೆಯೊಂದೇ. ಅದು ಕೊಳಕಾಗಿದ್ದರೆ, ಅಥವಾ ಬಟ್ಟೆ ಒಗೆಯುವ ಯಂತ್ರದ ಸದ್ದಿನ ಪಕ್ಕದಲ್ಲಿದ್ದರೆ, ಬೆಕ್ಕು ಮಲವನ್ನು ತಡೆಹಿಡಿಯುತ್ತದೆ. ತಡೆಹಿಡಿದ ಮಲ ಏನಾಗುತ್ತದೆಂಬುದನ್ನು ಮೇಲೆ ವಿವರಿಸಿದ್ದಾಗಿದೆ.

3. ಲಂಘನವು ಏಕೆ ಸಲ್ಲದು

ಮನುಷ್ಯನು ಏಕಾದಶಿಯ ದಿನ ಉಪವಾಸವಿದ್ದು ಮರುದಿನ ಪಾರಣೆ ಮಾಡಿ ಸುಖವಾಗಿರಬಲ್ಲನು. ಆಹಾರ ನಿಂತಾಗ ಅವನ ಯಕೃತ್ತು ಸಸಾರಜನಕಗಳನ್ನು ಒಡೆಯುವ ಕಿಣ್ವಗಳ ಕೆಲಸವನ್ನು ತಗ್ಗಿಸಿ, ದೇಹದ ಮಾಂಸವನ್ನು ಉಳಿಸಿಕೊಂಡು, ಕೊಬ್ಬನ್ನು ಇಂಧನವಾಗಿ ಬಳಸುತ್ತದೆ. ಸದಾ ಮಾಂಸವನ್ನೇ ತಿನ್ನುವ ಪ್ರಾಣಿಗೆ ಇಂಥ ಹೊಂದಾಣಿಕೆ ಅಗತ್ಯವಾಗಿ ಕಾಣಲಿಲ್ಲ. ಬೆಕ್ಕಿನ ಯಕೃತ್ತು ಈ ಕಿಣ್ವಗಳ ವೇಗವನ್ನು ಅಷ್ಟಾಗಿ ತಗ್ಗಿಸಲಾರದು. ಹೊರಗಿನಿಂದ ಸಸಾರಜನಕ ಬರದಿದ್ದರೂ ಒಳಗಿನ ವ್ಯಯ ನಡೆದೇ ಇರುತ್ತದೆ.

ಇದೇ ವೇಳೆಗೆ ದೇಹದ ಕೊಬ್ಬು ಕರಗಿ ಯಕೃತ್ತಿಗೆ ಹರಿದು ಬರುತ್ತದೆ. ಬಂದ ಕೊಬ್ಬನ್ನು ಯಕೃತ್ತು ಮತ್ತೆ ರಕ್ತಕ್ಕೆ ಸಾಗಿಸಬೇಕಾದರೆ ಅದನ್ನು ಸಸಾರಜನಕದ ಹೊದಿಕೆಯಲ್ಲಿ ಕಟ್ಟಿ ಕಳುಹಿಸಬೇಕು. ಹೊದಿಕೆಗೆ ಬೇಕಾದ ಸಾಮಗ್ರಿ ಇಲ್ಲದ್ದರಿಂದ ಕೊಬ್ಬು ಯಕೃತ್ತಿನ ಕೋಶಗಳಲ್ಲಿಯೇ ಶೇಖರವಾಗುತ್ತದೆ. ಕೋಶಗಳು ಉಬ್ಬಿ, ಪಿತ್ತದ ಹರಿವು ತಡೆದು, ಕಣ್ಣು ಕಿವಿಗಳ ಒಳಭಾಗ ಹಳದಿಗಟ್ಟುತ್ತದೆ. ಹೀಗಾದ ಬೆಕ್ಕಿಗೆ ಓಕರಿಕೆ ಹೆಚ್ಚಿ ಊಟ ಇನ್ನೂ ದೂರವಾಗುತ್ತದೆ. ಇದನ್ನು ಯಕೃತ್ತಿನ ಮೇದೋರೋಗವೆನ್ನಬಹುದು. ವೈದ್ಯಸಾಹಿತ್ಯದಲ್ಲಿ 1977ರಿಂದ ಇದರ ವರ್ಣನೆ ದೊರೆಯುತ್ತದೆ. ಸ್ಥೂಲವಾದ ಬೆಕ್ಕುಗಳಲ್ಲಿ ಇದರ ಭಯ ಹೆಚ್ಚು. ಕೆಲವು ದಿನಗಳ ಪೂರ್ಣ ನಿರಾಹಾರವೇ ಇದಕ್ಕೆ ಸಾಕು. "ದಪ್ಪಗಿದೆ, ನಾಲ್ಕು ದಿನ ಉಪವಾಸವಿದ್ದರೆ ಏನಾಯಿತು?" ಎಂಬ ಮಾತು ಬೆಕ್ಕಿನ ವಿಷಯದಲ್ಲಿ ತೀರ ತಪ್ಪು. ಸಕಾಲದಲ್ಲಿ ಆಹಾರವನ್ನು, ಬೇಕಾದರೆ ನಳಿಕೆಯ ಮೂಲಕವಾದರೂ, ಒದಗಿಸಿದರೆ ಬಹುಪಾಲು ಬೆಕ್ಕುಗಳು ಚೇತರಿಸಿಕೊಳ್ಳುತ್ತವೆ. ಈ ರೋಗಕ್ಕೆ ಆಹಾರವೇ ಮುಖ್ಯ ಔಷಧವೆಂಬುದನ್ನು ಇಲ್ಲಿ ಗಮನಿಸಬೇಕು.

4. ಮಾಂಸಾಹಾರಿಯು ಕಳೆದುಕೊಂಡ ಶಕ್ತಿಗಳು

ಬೆಕ್ಕಿನ ಶರೀರಧರ್ಮದಲ್ಲಿ ಕಾಣುವ ಇನ್ನೂ ಕೆಲವು ವೈಶಿಷ್ಟ್ಯಗಳು ಉಪಚಾರದ ದೃಷ್ಟಿಯಿಂದ ಮುಖ್ಯವಾದವು. ಸಿಹಿರುಚಿಯನ್ನು ಗ್ರಹಿಸುವ ಜೀನುಗಳಲ್ಲಿ ಒಂದು ಬೆಕ್ಕಿನಲ್ಲಿ ನಿಷ್ಕ್ರಿಯವಾಗಿದೆಯೆಂದು 2005ರಲ್ಲಿ ತಿಳಿದುಬಂತು. ಆದುದರಿಂದ ಊಟ ಬಿಟ್ಟ ಬೆಕ್ಕಿಗೆ ಪಾಯಸವನ್ನೋ ಸಕ್ಕರೆ ಬೆರೆಸಿದ ಹಾಲನ್ನೋ ತೋರಿಸಿದರೆ ಸಿಹಿಯ ಆಕರ್ಷಣೆ ಅದಕ್ಕೆ ತಿಳಿಯದು. ಕ್ಯಾರಟ್ಟಿನ ಕ್ಯಾರೊಟೀನಿನಿಂದ 'ಎ' ಜೀವಸತ್ವವನ್ನು ಬೇಕಾದಷ್ಟು ತಯಾರಿಸಿಕೊಳ್ಳುವ ಶಕ್ತಿಯೂ ಅದಕ್ಕಿಲ್ಲ. ಹಲವು ಔಷಧಗಳನ್ನು ಯಕೃತ್ತಿನಲ್ಲಿ ನಿರ್ವಿಷಗೊಳಿಸುವ ಒಂದು ಕಿಣ್ವದ ಜೀನೂ ಬೆಕ್ಕಿನಲ್ಲಿ ಕೆಲಸಕ್ಕೆ ಬಾರದಂತಾಗಿದೆ. ಮನುಷ್ಯರಿಗೆ ನಿರಪಾಯವಾದ ಪ್ಯಾರಸಿಟಮಾಲಿನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದೆಂಬುದಕ್ಕೆ ಇದೇ ಕಾರಣ.

ಟೌರೀನ್ ಎಂಬ ಅಮೈನೋ ಆಮ್ಲದ ವಿಷಯವನ್ನು ನಮ್ಮ ಶಾಕಾಹಾರಿ ಮನೆಗಳು ವಿಶೇಷವಾಗಿ ತಿಳಿದಿರಬೇಕು. ಹಾಲಿನ ಸಸಾರಜನಕವಾದ ಕೇಸೀನನ್ನು ಆಧಾರವಾಗಿಟ್ಟು ತಯಾರಿಸಿದ ಆಹಾರ ತಿಂದ ಬೆಕ್ಕುಗಳ ಅಕ್ಷಿಪಟಲವು ಟೌರೀನಿನ ಕೊರತೆಯಿಂದ ನಶಿಸಿತೆಂದು 1975ರಲ್ಲಿಯೂ, ಹೃದಯದ ಮಾಂಸಖಂಡ ಸಡಿಲವಾಗುವ ರೋಗಕ್ಕೆ ಇದೇ ಕೊರತೆ ಕಾರಣವಾಗಬಹುದೆಂದು 1987ರಲ್ಲಿಯೂ ತೋರಿಸಲಾಯಿತು. ಟೌರೀನ್ ಮಾಂಸ ಮೀನುಗಳಲ್ಲಿದೆ; ಅಕ್ಕಿಯಲ್ಲಿ ಇಲ್ಲ; ಹಸುವಿನ ಹಾಲಿನಲ್ಲಿ ಅತ್ಯಲ್ಪ. ಮೊಸರನ್ನವನ್ನು ಉಂಡು ಬದುಕಿದ ಬೆಕ್ಕುಗಳನ್ನು ನಾವೆಲ್ಲರೂ ಕಂಡಿದ್ದೇವೆ. ಅವು ಬದುಕಿದ್ದು ಅಟ್ಟದ ಇಲಿ ಮತ್ತು ಹಿತ್ತಲಿನ ಹಲ್ಲಿಗಳ ದೆಸೆಯಿಂದ. ಹೊರಗೆ ಹೋಗದ ಬೆಕ್ಕಿಗೆ ಆ ಪೂರಕ ಆಹಾರವಿಲ್ಲ. ಮನೆಯಲ್ಲಿ ಮಾಂಸವನ್ನು ಬೇಯಿಸಲಾಗದವರು ಬೆಕ್ಕಿಗೆಂದೇ ತಯಾರಾದ, ಟೌರೀನ್ ಸೇರಿದ ಪೂರ್ಣ ಆಹಾರವನ್ನು, ಸಾಧ್ಯವಾದಷ್ಟು ಒದ್ದೆಯಾದುದನ್ನು, ಕೊಡುವುದು ಲೇಸು.

5. ಉಪಚಾರಕ್ಕೆ ಮೊದಲು ಮಾಡತಕ್ಕ ಪರೀಕ್ಷೆ

ಬೆಕ್ಕು ತಟ್ಟೆಯಲ್ಲಿ ಕುಳಿತು ತಿಣುಕುವುದನ್ನು ಕಂಡ ಕೂಡಲೇ ಮಲಬದ್ಧತೆಯೆಂದು ನಿರ್ಧರಿಸುವುದು ಅತ್ಯಂತ ಅಪಾಯಕರವಾದ ತಪ್ಪು. ಗಂಡುಬೆಕ್ಕಿನ ಮೂತ್ರನಾಳವು ಬಹು ಕಿರಿದಾದುದು. ಹರಳು ಅಥವಾ ಲೋಳೆಯ ಬಿರಡೆ ಅಲ್ಲಿ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ನಿಲ್ಲುತ್ತದೆ. ಆ ಬೆಕ್ಕೂ ಹೀಗೆಯೇ ತಿಣುಕುತ್ತದೆ, ಕೂಗುತ್ತದೆ, ಊಟ ಬಿಡುತ್ತದೆ. ಒಂದೆರಡು ದಿನಗಳಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು. ಆದುದರಿಂದ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಈ ದಿನ ಮರಳಿನಲ್ಲಿ ಮೂತ್ರದ ಒದ್ದೆ ಕಂಡಿತೆ? ಕಾಣದಿದ್ದರೆ ಹೊತ್ತನ್ನು ಕಳೆಯದೆ, ರಾತ್ರಿಯಾದರೂ ಸರಿಯೆ, ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಎರಡನೆಯ ಪ್ರಶ್ನೆ ದಾರದ್ದು. ಮಲ್ಲಿಗೆ, ಕನಕಾಂಬರಗಳನ್ನು ಕಟ್ಟಿದ ಹೂವಿನ ದಾರ ನಮ್ಮ ಮನೆಗಳಲ್ಲಿ ದಿನವೂ ಬೀಳುವ ವಸ್ತು. ಅದರೊಡನೆ ಆಟವಾಡುವುದು ಬೆಕ್ಕಿಗೆ ಬಲು ಇಷ್ಟ. ಬೆಕ್ಕಿನ ನಾಲಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುವುದರಿಂದ, ಬಾಯಿಗೆ ಸಿಕ್ಕಿದ ದಾರವನ್ನು ಉಗುಳಲಾರದೆ ಅದು ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಗೆಯ ಬುಡದಲ್ಲೋ ಜಠರದಲ್ಲೋ ಸಿಕ್ಕಿಕೊಂಡರೆ, ಕರುಳು ಅದರ ಸುತ್ತ ನೆರಿಗೆಯಂತೆ ಮುದುಡಿ ಕತ್ತರಿಸಿಹೋಗಬಹುದು. ಇಂಥ ಬೆಕ್ಕು ವಾಂತಿ ಮಾಡುತ್ತದೆ, ಊಟ ಬಿಡುತ್ತದೆ; ಮಲವೂ ನಿಲ್ಲಬಹುದು. ದಾರದ ತುದಿ ಬಾಯಲ್ಲಾಗಲಿ ಗುದದಲ್ಲಾಗಲಿ ಕಂಡರೆ ಎಳೆಯಕೂಡದು. ಹಾಗೆಯೇ ವೈದ್ಯರಲ್ಲಿಗೆ ಒಯ್ಯಬೇಕು. ವಿರೇಚನೌಷಧವು ಇಂಥಲ್ಲಿ ಕರುಳನ್ನು ಇನ್ನೂ ಬೇಗ ಸೀಳುತ್ತದೆ.

ಮೂರನೆಯದು ನೀರಿನ ಪರೀಕ್ಷೆ. ಒಸಡನ್ನು ಬೆರಳಿನಿಂದ ಮುಟ್ಟಿದರೆ ಜಾರುವಂತಿರಬೇಕು. ಅಂಟಂಟಾಗಿದ್ದರೆ ನೀರು ಕಡಮೆಯಾಗಿದೆ. ಹೆಗಲ ಮೇಲಿನ ಚರ್ಮವನ್ನು ಮೆಲ್ಲಗೆ ಎತ್ತಿ ಬಿಟ್ಟಾಗ ಅದು ಕೂಡಲೇ ಹಿಂದಿರುಗಬೇಕು. ಗುಡಾರದಂತೆ ನಿಂತರೆ ಕೊರತೆ ಹೆಚ್ಚೆಂದು ತಿಳಿಯಬೇಕು. ಮುದಿಬೆಕ್ಕಿನ ಚರ್ಮ ಸಹಜವಾಗಿಯೇ ಸಡಿಲವಾಗಿರುವುದರಿಂದ ಅದರಲ್ಲಿ ಒಸಡಿನ ಪರೀಕ್ಷೆಯೇ ಹೆಚ್ಚು ನಂಬಿಕೆಗೆ ಅರ್ಹ.

6. ಮನೆಯಲ್ಲಿ ಮಾಡಬಹುದಾದ ಉಪಚಾರ

ಮೂತ್ರ ಸರಿಯಾಗಿದ್ದು, ವಾಂತಿಯಿಲ್ಲದೆ, ಬೆಕ್ಕು ಸ್ವಲ್ಪವಾದರೂ ತಿನ್ನುತ್ತಿದ್ದು, ಮಲ ನಿಂತು ಒಂದು ದಿನ ಮಾತ್ರ ಆಗಿದ್ದರೆ ಕೆಳಗಿನ ಕ್ರಮಗಳನ್ನು ಅನುಸರಿಸಬಹುದು.

ಮೊದಲನೆಯದು ನೀರು. ಒಣ ಆಹಾರವನ್ನು ಬಿಡಿಸಿ ಒದ್ದೆ ಆಹಾರವನ್ನು ಕೊಡಬೇಕು. ಅದಕ್ಕೂ ಎರಡು ಮೂರು ಚಮಚ ಬೆಚ್ಚನೆಯ ನೀರನ್ನು ಬೆರೆಸಬೇಕು. ಕೋಳಿಮಾಂಸವನ್ನೋ ಮೀನನ್ನೋ ಬೇಯಿಸಿದ ನೀರನ್ನು ಚೆಲ್ಲದೆ ಕುಡಿಸಬೇಕು. ಬೇಯುವಾಗ ಟೌರೀನು ಆ ನೀರಿಗೆ ಇಳಿಯುತ್ತದೆ. ಅದರಲ್ಲಿ ಉಪ್ಪು, ಖಾರ, ಒಗ್ಗರಣೆ ಇರಬಾರದು. ಈರುಳ್ಳಿ ಬೆಳ್ಳುಳ್ಳಿಗಳಂತೂ ಬೆಕ್ಕಿನ ರಕ್ತಕಣಗಳನ್ನು ಒಡೆಯುವ ವಿಷಗಳು. ನಮ್ಮ ಸಾರಿನ ಪಾತ್ರೆಯಿಂದ ತೆಗೆದು ಕೊಡಕೂಡದು. ನೀರಿನ ಬಟ್ಟಲುಗಳನ್ನು ಮನೆಯ ಎರಡು ಮೂರು ಕಡೆ, ಊಟದ ತಟ್ಟೆಗೂ ಮರಳಿನ ತಟ್ಟೆಗೂ ದೂರವಾಗಿ, ಇಡಬೇಕು. ಕೆಲವು ಬೆಕ್ಕುಗಳು ನಲ್ಲಿಯಿಂದ ತೊಟ್ಟಿಕ್ಕುವ ನೀರನ್ನು ಮೆಚ್ಚುತ್ತವೆ.

ಎರಡನೆಯದು ರುಚಿ. ಬೆಕ್ಕಿನ ಹಸಿವಿಗೆ ಮೂಗು ಮುಖ್ಯದ್ವಾರ. ಆಗತಾನೆ ಹಿಡಿದ ಇಲಿಯ ಮೈ ಬೆಚ್ಚಗಿರುತ್ತದೆ. ತಣ್ಣನೆಯ ಪೆಟ್ಟಿಗೆಯಿಂದ ತೆಗೆದ ಆಹಾರಕ್ಕೆ ವಾಸನೆಯಿಲ್ಲ. ಊಟವನ್ನು ಮೈಯ ಬಿಸಿಯಷ್ಟು ಬೆಚ್ಚಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ, ನಿಶ್ಶಬ್ದವಾದ ಸ್ಥಳದಲ್ಲಿ ಇಡಬೇಕು. ಅರ್ಧಗಂಟೆಯಲ್ಲಿ ತಿನ್ನದಿದ್ದರೆ ತೆಗೆದುಬಿಟ್ಟು, ತರುವಾಯ ಹೊಸದನ್ನು ಇಡಬೇಕು.

ಬಲಾತ್ಕಾರವಾಗಿ ಬಾಯಿಗೆ ತುರುಕುವುದು ಕೂಡದು. ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆಯನ್ನು ಕೇಳದ ಮಕ್ಕಳು ನಮ್ಮಲ್ಲಿಲ್ಲ. ಮೊದಲ ದಿನವೇ ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಆ ಬೆಕ್ಕು, ಕೃಷ್ಣದೇವರಾಯನ ಸಭೆಯಲ್ಲಿ ಹಾಲನ್ನು ಕಂಡೊಡನೆ ಓಡಿಹೋಯಿತಂತೆ. ಕಥೆಯಲ್ಲಿರುವ ತತ್ತ್ವ ಪ್ರಯೋಗಸಿದ್ಧವಾದುದು. 1955ರಲ್ಲಿ ಜಾನ್ ಗಾರ್ಸಿಯಾ ಮತ್ತು ಅವರ ಸಂಗಡಿಗರು, ಒಂದು ರುಚಿಯ ನೀರನ್ನು ಕುಡಿಯುವ ಹೊತ್ತಿನಲ್ಲಿ ವಿಕಿರಣದಿಂದ ಅಸ್ವಸ್ಥವಾದ ಇಲಿಗಳು ಆ ರುಚಿಯನ್ನೇ ಮುಂದೆ ತ್ಯಜಿಸುವುದನ್ನು ತೋರಿಸಿದರು. ಬೆಕ್ಕಿಗೂ ಇದು ಸಲ್ಲುತ್ತದೆ. ಓಕರಿಸುತ್ತಿರುವ ಬೆಕ್ಕಿಗೆ ಅದರ ಮೆಚ್ಚಿನ ಆಹಾರವನ್ನು ತುರುಕಿದರೆ, ಅಥವಾ ಅದರಲ್ಲಿ ಕಹಿಮದ್ದನ್ನು ಬೆರೆಸಿದರೆ, ವಾಸಿಯಾದ ಮೇಲೂ ಅದು ಆ ಆಹಾರವನ್ನು ಮುಟ್ಟದೆ ಇರಬಹುದು.

ಮೂರನೆಯದು ನಾರು. ಬೇಯಿಸಿ ಮಸೆದ ಸಿಹಿಕುಂಬಳಕಾಯಿಯನ್ನು ಒಂದು ಸಣ್ಣ ಚಮಚದಷ್ಟು, ಅಥವಾ ನೀರಿನಲ್ಲಿ ಚೆನ್ನಾಗಿ ನೆನೆಸಿದ ಇಸಬ್‌ಗೋಲನ್ನು ಒಂದು ಚಿಟಿಕೆಯಷ್ಟು, ಊಟದಲ್ಲಿ ಬೆರೆಸಬಹುದು. ಇಸಬ್‌ಗೋಲು ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತದೆ. ಆದರೆ ನೀರು ಸಾಲದ ದೇಹದಲ್ಲಿ ನಾರು ಬಿರಡೆಯಾಗಬಲ್ಲದು; ಆದ್ದರಿಂದ ನೀರಿನ ಏರ್ಪಾಡು ಮೊದಲು, ನಾರು ಆಮೇಲೆ.

ಇವಲ್ಲದೆ ಮರಳಿನ ತಟ್ಟೆಯನ್ನು ದಿನವೂ ಶುದ್ಧಮಾಡಬೇಕು. ಬೆಕ್ಕುಗಳ ಸಂಖ್ಯೆಗಿಂತ ಒಂದು ತಟ್ಟೆ ಹೆಚ್ಚಿಗೆ ಇರುವುದು ಉತ್ತಮ. ಮೈಯನ್ನು ಬಾಚಿ ಉದುರುವ ರೋಮವನ್ನು ತೆಗೆಯಬೇಕು. ದಿನಕ್ಕೆರಡು ಬಾರ ಆಟವಾಡಿಸಿದರೆ ಕರುಳಿನ ಚಲನೆಗೂ ಸಹಾಯವಾಗುತ್ತದೆ. ಊಟ, ನೀರು, ಮೂತ್ರ, ಮಲ, ತೂಕ ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸವು ವೈದ್ಯರಿಗೆ ತುಂಬ ನೆರವಾಗುತ್ತದೆ.

7. ಮಾಡಬಾರದ ಉಪಚಾರಗಳು

ಹರಳೆಣ್ಣೆಯು ಕರುಳಿನಲ್ಲಿ ಒಡೆದಾಗ ರಿಸಿನೋಲಿಯಿಕ್ ಆಮ್ಲ ಬಿಡುಗಡೆಯಾಗಿ ಕರುಳಿನ ಮಾಂಸಖಂಡವನ್ನು ಬಲವಾಗಿ ಕುಗ್ಗಿಸುತ್ತದೆ. ಮುಂದೆ ಕಲ್ಲಿನಂಥ ಮಲವಿರುವಾಗ ಹಿಂದಿನಿಂದ ಹೀಗೆ ನೂಕಿದರೆ ನೋವು ಹೆಚ್ಚುತ್ತದೆ. ಭೇದಿಯಾದರಂತೂ ಉಳಿದಿದ್ದ ನೀರೂ ಹೋಗುತ್ತದೆ. ಲಿಕ್ವಿಡ್ ಪ್ಯಾರಫಿನ್ನನ್ನು ಬಾಯಿಗೆ ಹೊಯ್ಯುವುದೂ ಅಪಾಯಕರ. ಅದಕ್ಕೆ ರುಚಿಯೂ ಇಲ್ಲ, ಗಂಟಲನ್ನು ಕೆರಳಿಸುವ ಗುಣವೂ ಇಲ್ಲ. ಬೆಕ್ಕು ಕೆಮ್ಮದೆಯೇ ಅದು ಶ್ವಾಸಕೋಶವನ್ನು ಸೇರಿ ಉರಿಯೂತವನ್ನುಂಟುಮಾಡಬಹುದು. ಔಷಧದ ಅಂಗಡಿಯಲ್ಲಿ ಮನುಷ್ಯರಿಗಾಗಿ ಮಾರುವ ಫಾಸ್ಫೇಟ್ ಬಸ್ತಿಯು ಬೆಕ್ಕಿನ ರಕ್ತದಲ್ಲಿ ಫಾಸ್ಫೇಟನ್ನು ಏರಿಸಿ ಕ್ಯಾಲ್ಸಿಯಮನ್ನು ಇಳಿಸಿ ಪ್ರಾಣವನ್ನೇ ತೆಗೆಯಬಲ್ಲದು. ಇನ್ನು ಹಾಲು: ಬೆಳೆದ ಬೆಕ್ಕುಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಕಿಣ್ವ ಬಹುಮಟ್ಟಿಗೆ ಕುಂದಿರುತ್ತದೆ. ಕೆಲವಕ್ಕೆ ಭೇದಿಯಾಗುತ್ತದೆ, ಕೆಲವಕ್ಕೆ ಏನೂ ಆಗುವುದಿಲ್ಲ. ಇಷ್ಟು ಅನಿಶ್ಚಿತವಾದುದನ್ನು ಔಷಧವೆನ್ನಲಾಗದು.

8. ವೈದ್ಯರ ಬಳಿಗೆ ಯಾವಾಗ

ಬೆಳೆದ ಬೆಕ್ಕು 24 ಗಂಟೆಗಳ ಕಾಲ ಏನನ್ನೂ ತಿನ್ನದಿದ್ದರೆ, ಮಲವು 48 ಗಂಟೆಗಳ ಕಾಲ ನಿಂತರೆ, ವಾಂತಿ, ನಿಶ್ಶಕ್ತಿ, ಹೊಟ್ಟೆನೋವು ಅಥವಾ ಹಳದಿಬಣ್ಣ ಕಂಡರೆ ಕಾಯಬಾರದು. ಮರಿಗಳ ವಿಷಯದಲ್ಲಿ ಈ ಅವಧಿ ಇನ್ನೂ ಕಡಮೆ. ನಗರದ ಖಾಸಗಿ ಪಶುವೈದ್ಯರಲ್ಲದೆ, 1958ರಲ್ಲಿ ಸ್ಥಾಪಿತವಾಗಿ ಈಗ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿರುವ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜೂ ಇಲ್ಲಿನವರಿಗೆ ಸಮೀಪದಲ್ಲಿಯೇ ಇದೆ.

ವೈದ್ಯರು ಹೊಟ್ಟೆಯನ್ನು ಮುಟ್ಟಿ ನೋಡಿ, ಬೇಕಾದರೆ ಕ್ಷಕಿರಣದ ಚಿತ್ರ ತೆಗೆದು, ಮೂತ್ರಪಿಂಡ ಮತ್ತು ಪೊಟ್ಯಾಸಿಯಮಿನ ಸ್ಥಿತಿಯನ್ನು ರಕ್ತಪರೀಕ್ಷೆಯಿಂದ ತಿಳಿಯುತ್ತಾರೆ. ಅವರು ಕೈಗೊಳ್ಳುವ ಮೊದಲ ಕ್ರಮವೂ ನೀರೇ ಎಂಬುದು ಗಮನಾರ್ಹ: ಚರ್ಮದ ಕೆಳಗೋ ರಕ್ತನಾಳಕ್ಕೋ ಲವಣಜಲವನ್ನು ಕೊಡುತ್ತಾರೆ. ಆಮೇಲೆ ಬೆಚ್ಚನೆಯ ನೀರಿನ ಬಸ್ತಿ, ಕರುಳಿನಲ್ಲಿ ನೀರನ್ನು ಹಿಡಿದಿಡುವ ಲ್ಯಾಕ್ಟುಲೋಸ್ ಅಥವಾ ಪಾಲಿಎಥಿಲೀನ್ ಗ್ಲೈಕಾಲ್, ಓಕರಿಕೆಯನ್ನು ತಡೆಯುವ ಮದ್ದು, ಹಸಿವನ್ನು ಹೆಚ್ಚಿಸುವ ಮಿರ್ಟಜಪೀನ್ ಇವು ಬರುತ್ತವೆ. ಪ್ರಮಾಣವನ್ನು ಅವರೇ ನಿರ್ಧರಿಸತಕ್ಕದ್ದು. ಮಲವು ತೀರ ಕಲ್ಲಾಗಿದ್ದರೆ ಅರಿವಳಿಕೆ ಕೊಟ್ಟು ಕೈಯಿಂದ ತೆಗೆಯಬೇಕಾಗುತ್ತದೆ. ಮೆಗಾಕೋಲನ್ ಬಲಿತಿದ್ದರೆ ಶಸ್ತ್ರಕ್ರಿಯೆ ಬೇಕಾಗಬಹುದು.

9. ಉಪಸಂಹಾರ

ಮೊದಲು ಕಲ್ಪಿಸಿಕೊಂಡ ಮನೆಗೆ ಹಿಂದಿರುಗೋಣ. ಎರಡು ದಿನಗಳಿಂದ ಉಣ್ಣದ ಆ ಬೆಕ್ಕಿಗೆ ಗೃಹೋಪಚಾರದ ಅವಧಿ ಮೀರಿದೆ. ಅದನ್ನು ಆ ದಿನವೇ ವೈದ್ಯರಲ್ಲಿಗೆ ಒಯ್ಯಬೇಕು. ಒಯ್ಯುವ ಮುನ್ನ ಮೂತ್ರದ ಒದ್ದೆಯನ್ನೂ ಹೂವಿನ ದಾರವನ್ನೂ ನೆನಪಿಸಿಕೊಂಡು ವೈದ್ಯರಿಗೆ ತಿಳಿಸಬೇಕು. ಅದು ಚೇತರಿಸಿಕೊಂಡು ಮನೆಗೆ ಬಂದ ಮೇಲೆ ಆರನೆಯ ಭಾಗದಲ್ಲಿ ಹೇಳಿದ ಕ್ರಮಗಳು ಅದರ ದಿನಚರಿಯಾಗಬೇಕು. ಅವುಗಳ ನಿಜವಾದ ಪ್ರಯೋಜನ ರೋಗ ಮರುಕಳಿಸದಂತೆ ತಡೆಯುವುದರಲ್ಲಿದೆ. ಅಜ್ಜಿಯ ಲಂಘನ, ಮಗನ ಹರಳೆಣ್ಣೆ, ಸೊಸೆಯ ಹಾಲು ಇವು ಮೂರೂ ಪ್ರೀತಿಯಿಂದಲೇ ಹುಟ್ಟಿದ ಸಲಹೆಗಳು. ಆದರೆ ಯಾವ ಜೀವಿಯನ್ನು ಉಪಚರಿಸುತ್ತೇವೆಯೋ ಆ ಜೀವಿಯ ಧರ್ಮವನ್ನು ಅರಿತಾಗಲೇ ಪ್ರೀತಿಯು ಉಪಚಾರವಾಗುತ್ತದೆ. ತುಲನಾತ್ಮಕ ಶರೀರಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ಈ ತಿಳಿವನ್ನು ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಮಾತ್ರವೇ ಬಿಡದೆ, ತಮ್ಮ ತಮ್ಮ ಮನೆಯ ಅಡುಗೆಮನೆಯವರೆಗೂ ಕೊಂಡೊಯ್ಯುವರೆಂದು ಆಶಿಸುತ್ತೇವೆ.